ನೀರು ಎಷ್ಟು ಅಡಿಗೆ ಸಿಕ್ಕಿತು?

ಹಳ್ಳಿಯ ಬದುಕಿನ ಗುಣಮಟ್ಟವನ್ನು ಅಳೆಯುವವರು ಸಾಮಾನ್ಯವಾಗಿ ಶಾಲೆ, ಆಸ್ಪತ್ರೆ, ರಸ್ತೆ, ಆದಾಯಗಳ ಲೆಕ್ಕ ತೆಗೆಯುತ್ತಾರೆ. ಕೋಲಾರ ಜಿಲ್ಲೆಯಲ್ಲಿ ಇವೆಲ್ಲಕ್ಕೂ ಮೊದಲು ಕೇಳಬೇಕಾದದ್ದು, ನೀರು ಎಷ್ಟು ಅಡಿಗೆ ಸಿಗುತ್ತದೆ ಎಂಬುದನ್ನು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆ ಶತಮಾನಗಳ ಕಾಲ ಕೆರೆಗಳನ್ನೇ ನಂಬಿತ್ತು. ತೂಬು ತೆಗೆದು ಸರದಿಯಂತೆ ಗದ್ದೆಗೆ ನೀರು ಬಿಡಲು ನೀರುಗಂಟಿ ಇದ್ದ, ತೆರೆದ ಬಾವಿಗಳಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಿಲೆಗೆ ಎಟುಕುವಷ್ಟು ಮೇಲೆಯೇ ನೀರಿತ್ತು. ಕೊಳವೆಬಾವಿ ಬಂದ ಮೇಲೆ ಹೂಳೆತ್ತುವ ತುರ್ತು ಯಾರಿಗೂ ಉಳಿಯಲಿಲ್ಲ. ಈಗ ಸಾವಿರ ಅಡಿ ಕೊರೆಸಿದರೂ ಬರೀ ದೂಳು ಹಾರಿಸುವ ಬೋರುಗಳು ಇಲ್ಲಿ ಅಪರೂಪವಲ್ಲ.

ಆಳಕ್ಕಿಳಿದಂತೆ ನೀರಿನ ಪ್ರಮಾಣದ ಜೊತೆಗೆ ಅದರ ಗುಣವೂ ಬದಲಾಗುತ್ತದೆ. ಇಲ್ಲಿನ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಅವುಗಳಲ್ಲಿರುವ ಬಯೊಟೈಟ್, ಅಪಟೈಟ್, ಫ್ಲೋರೈಟ್ ಖನಿಜಗಳಲ್ಲಿ ಫ್ಲೋರೈಡ್ ಅಡಗಿದೆ. ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಕ್ಷಾರೀಯವಾಗುತ್ತಾ ಹೋದಂತೆ ಅದರಲ್ಲಿದ್ದ ಕ್ಯಾಲ್ಸಿಯಂ ಸುಣ್ಣಕಲ್ಲಿನ ರೂಪದಲ್ಲಿ ಬೇರ್ಪಡುತ್ತದೆ, ಕ್ಯಾಲ್ಸಿಯಂ ತಗ್ಗಿದಷ್ಟೂ ಫ್ಲೋರೈಡ್ ಸುಲಭವಾಗಿ ಕರಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹ್ಯ. ಜಿಲ್ಲೆಯ ಎಷ್ಟೋ ಬೋರುಗಳ ನೀರು ಈ ಗೆರೆ ದಾಟಿದೆ. ಈ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡುತ್ತವೆ ಮತ್ತು ಅವು ಉಜ್ಜಿದರೆ ಹೋಗುವುದಿಲ್ಲ. ಫ್ಲೋರೈಡ್ ಬಹಳ ಹೆಚ್ಚಿರುವ ನೀರನ್ನು ದಶಕಗಳ ಕಾಲ ಕುಡಿದವರಲ್ಲಿ ಬೆನ್ನು, ಮಂಡಿಗಳು ಬಿಗಿಯುತ್ತವೆ. ಕೂಲಿಗೆ ಬಗ್ಗಬೇಕಾದ ಬೆನ್ನು ಬಗ್ಗದೆ ಹೋದರೆ, ಆರೋಗ್ಯದ ಅಂಕಣದಲ್ಲಿ ಬರೆಯುವ ಕೊರತೆ ಆದಾಯದ ಅಂಕಣಕ್ಕೂ ದಾಟಿದಂತೆಯೇ ಸರಿ.

ಸಾಲವೂ ಅಡಿಗಳ ಲೆಕ್ಕದಲ್ಲೇ ಬೆಳೆಯುತ್ತದೆ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಪಾಯಿಂಟ್ ಗುರುತಿಸುವವರನ್ನು ನಂಬಿ ಒಂದರ ಪಕ್ಕ ಇನ್ನೊಂದು ಬೋರು ಕೊರೆಸುವವರನ್ನು ಮೂಢರೆಂದು ನಗುವುದು ಸುಲಭ. ಆದರೆ ಗಟ್ಟಿ ಬಂಡೆಯಲ್ಲಿ ನೀರಿರುವುದು ಬಿರುಕಿನಲ್ಲಿ ಮಾತ್ರ, ಹತ್ತು ಮಾರು ಆಚೆಗೆ ಅದು ಇಲ್ಲದಿರಬಹುದು, ಹಾಗಾಗಿ ಉಪಕರಣ ತಂದವರೂ ಇಲ್ಲಿ ಎಷ್ಟೋ ಬಾರಿ ಸೋಲುತ್ತಾರೆ. ರೇಷ್ಮೆ, ಟೊಮೆಟೊ, ಹಾಲು ಮೂರೂ ಈ ಜೂಜಿನ ಮೇಲೆಯೇ ನಿಂತಿವೆ.

2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಡಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರ್ಜಲ ಮೇಲೇರಿದ್ದನ್ನು ಕಂಡ ರೈತರಿಗೆ ಇದು ವರ. ಮೂರನೆಯ ಹಂತದ ಶುದ್ಧೀಕರಣವಾಗಲೇಬೇಕು ಎನ್ನುವವರ ಅಂಜಿಕೆಯೂ ಹುಸಿಯಲ್ಲ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ನೆಲಕ್ಕಿಳಿದ ನೀರು ಕೊನೆಗೆ ಬರುವುದು ಕುಡಿಯುವ ಬೋರಿಗೇ.

ಸದ್ಯಕ್ಕೆ ಅನೇಕ ಊರುಗಳಲ್ಲಿ ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕವಿದೆ. ಅದರೊಳಗಿನ ನೀರು ಸೋಸುವ ಪೊರೆ ಫ್ಲೋರೈಡನ್ನು ತಡೆಯುತ್ತದೆ, ತಡೆದದ್ದನ್ನು ಹೊತ್ತ ತ್ಯಾಜ್ಯ ನೀರು ಹಲವೆಡೆ ಪಕ್ಕದ ಚರಂಡಿಗೆ ಹರಿಯುತ್ತದೆ. ಕ್ಯಾನಿನ ನೀರು ಕುಡಿಯಲಷ್ಟೇ ಸಾಲುವ ಮನೆಗಳಲ್ಲಿ ಮುದ್ದೆಯ ಎಸರಿಗೆ, ಸಾರಿಗೆ ಬೀಳುವುದು ಬೋರಿನ ನೀರೇ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಮಾತ್ರ ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಗಾಢವಾಗುತ್ತದೆ.