ಕಾಮಗಾರಿ ಸ್ಥಳದ ಹೊಣೆ: ಕರಾರಿನಿಂದ ಕರಾರಿಗೆ ಇಳಿದ ಭಾರ

ಕಟ್ಟಡದ ಕೆಲಸ ನಡೆಯುವಲ್ಲಿ ಸಾರವೆ ಕುಸಿದು ಒಬ್ಬ ಕೆಲಸಗಾರ ಗಾಯಗೊಂಡರೆ, ನಷ್ಟ ತುಂಬಿಕೊಡಬೇಕಾದವರು ಯಾರು ಎಂಬುದಕ್ಕೆ ಇಂದು ನೇರ ಉತ್ತರ ಸಿಗುವುದಿಲ್ಲ. ಸಾರವೆಯನ್ನು ಬಾಡಿಗೆಗೆ ಕೊಟ್ಟವರು ಒಬ್ಬರು, ಕಟ್ಟಿ ನಿಲ್ಲಿಸಿದವರು ಇನ್ನೊಬ್ಬರು, ಪೈಪು ಒಳಗೆ ಸಾಗಿಸಲು ಒಂದು ಕ್ಲ್ಯಾಂಪ್ ಸಡಿಲಿಸಿ ಹಾಗೆಯೇ ಬಿಟ್ಟವರು ಮೂರನೆಯವರು, ಬಿದ್ದವನು ನಾಲ್ಕನೆಯ ಗುತ್ತಿಗೆದಾರನ ಆಳು. ಎಲ್ಲರ ಬಳಿಯೂ ವಿಮೆ ಇರಬಹುದು. ಆದರೆ ಪ್ರತಿಯೊಂದು ವಿಮಾ ಕಂಪನಿಯೂ ಮೊದಲು ಹುಡುಕುವುದು ಇನ್ನೊಂದರ ಪಾಲಿಸಿಯನ್ನು.

ಈ ಗೋಜಲು ಮೊದಲಿನಿಂದಲೂ ಇರಲಿಲ್ಲ. ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೂ ಮರಣದಂಡನೆ ಎಂದು ಬ್ಯಾಬಿಲೋನಿನ ಹಮ್ಮುರಾಬಿಯ ಶಾಸನ ಹೇಳಿತ್ತು. 1804ರ ಫ್ರೆಂಚ್ ನಾಗರಿಕ ಸಂಹಿತೆ ವಾಸ್ತುಶಿಲ್ಪಿಯನ್ನೂ ಗುತ್ತಿಗೆದಾರನನ್ನೂ 10 ವರ್ಷಗಳ ಕಾಲ ಹೊಣೆಯಾಗಿಸಿತು. ಎರಡೂ ಕಟ್ಟಿಸಿದವನ ಹಿತ ಕಾಯ್ದವು. ಕಟ್ಟುವಾಗ ಬಿದ್ದವನ ಪಾಡೇನು ಎಂಬುದು ನ್ಯಾಯಾಲಯಗಳ ಮುಂದೆ ಬಂದದ್ದು ಬಹಳ ತಡವಾಗಿ, ಬಂದಾಗಲೂ ಆತನಿಗೆ ಅನುಕೂಲವಾಗಿರಲಿಲ್ಲ: 1837ರ ಇಂಗ್ಲೆಂಡಿನ ಪ್ರೀಸ್ಟ್ಲಿ ಪ್ರಕರಣದಿಂದ ಬೆಳೆದ ತತ್ವದ ಪ್ರಕಾರ, ಜೊತೆಗಾರನ ತಪ್ಪಿನಿಂದ ಪೆಟ್ಟಾದರೆ ಮಾಲೀಕ ಹೊಣೆಯಲ್ಲ. ಜರ್ಮನಿ 1884ರಲ್ಲಿ, ಬ್ರಿಟನ್ 1897ರಲ್ಲಿ ಆ ವಾದವನ್ನು ಬದಿಗಿಟ್ಟು, ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುವ ಕಾನೂನು ತಂದವು. ಬ್ರಿಟಿಷ್ ಕಾಯ್ದೆಗೂ ಮಿತಿ ಇತ್ತು. ಸಾರವೆ ಹಾಕಿ ಕಟ್ಟುವ ಕಟ್ಟಡ 30 ಅಡಿಗಿಂತ ಎತ್ತರವಿದ್ದರೆ ಮಾತ್ರ ಅದು ಅನ್ವಯಿಸುತ್ತಿತ್ತು. 25 ಅಡಿಯಿಂದ ಬಿದ್ದರೆ ಮೂಳೆ ಮುರಿಯುವುದಿಲ್ಲವೆಂದು ಶಾಸಕರು ಭಾವಿಸಿದ್ದರೋ ಏನೋ.

ಕೆಲಸಗಾರನ ಪರಿಹಾರ ಒಂದು ದಾರಿ ಹಿಡಿದರೆ, ಕಾಮಗಾರಿಯ ವಿಮೆ ಬೇರೆಯೇ ದಾರಿ ಹಿಡಿಯಿತು. ಲಂಡನ್ನಿನ ಲ್ಯಾಂಬೆತ್ ಸೇತುವೆಗಾಗಿ 1929ರಲ್ಲಿ ಕೊಟ್ಟದ್ದು ಮೊದಲ ‘ಗುತ್ತಿಗೆದಾರರ ಸರ್ವ ಅಪಾಯ’ ಪಾಲಿಸಿ ಎನ್ನುತ್ತಾರೆ. 1957ರಲ್ಲಿ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ ಫಿಡಿಕ್ ಮಾದರಿ ಕರಾರು ಹೊರತಂದ ಮೇಲೆ, ಯಾವ ಅಪಾಯ ಯಾರ ತಲೆಗೆ ಎಂಬುದನ್ನು ಕರಾರಿನಲ್ಲಿಯೇ ಹಂಚುವ ರೂಢಿ ದೇಶದಿಂದ ದೇಶಕ್ಕೆ ಹರಡಿತು.

ತೊಡಕು ಬಿಗಿಯಾದದ್ದು ಇಲ್ಲಿಂದ ಮುಂದೆ. ಕೆಲಸ ಉಪಗುತ್ತಿಗೆಗಳಾಗಿ ಒಡೆದಂತೆಲ್ಲ ನಷ್ಟಭರ್ತಿಯ ಷರತ್ತೂ ಕೆಳಗಿಳಿಯಿತು: ಕಟ್ಟಿಸುವ ಮಾಲೀಕನ ಮೇಲೆ ಬರುವ ದಾವೆಯನ್ನು ಮುಖ್ಯ ಗುತ್ತಿಗೆದಾರ, ಅವನ ಮೇಲಿನದನ್ನು ಉಪಗುತ್ತಿಗೆದಾರ ಹೊರಬೇಕು. ಮೇಲಿನವನದೇ ತಪ್ಪಿದ್ದರೂ ಕೆಳಗಿನವನು ತೆರಬೇಕೆನ್ನುವ ಷರತ್ತುಗಳು ಎಷ್ಟು ಸಾಮಾನ್ಯವಾದವೆಂದರೆ, ಅಮೆರಿಕದ ಬಹುಪಾಲು ರಾಜ್ಯಗಳು ಅವಕ್ಕೆ ಕಡಿವಾಣ ಹಾಕುವ ಕಾನೂನು ಮಾಡಬೇಕಾಯಿತು. ಆಗ ಕೆಳಗಿನವನ ಪಾಲಿಸಿಯಲ್ಲಿ ಮೇಲಿನವನನ್ನು ‘ಹೆಚ್ಚುವರಿ ವಿಮೆದಾರ’ನಾಗಿ, ಅಂದರೆ ಆ ಪಾಲಿಸಿಯ ರಕ್ಷಣೆ ತಾನೂ ಪಡೆಯುವವನಾಗಿ, ಸೇರಿಸುವ ಪದ್ಧತಿಯೇ ಮುಖ್ಯ ಆಸರೆಯಾಯಿತು. ಹೀಗೆ ಸೇರಿಸಲು ಅಲ್ಲಿ ಬಳಸುತ್ತಿದ್ದ 1985ರ ನಮೂನೆ ಉಪಗುತ್ತಿಗೆದಾರನ ಕೆಲಸದಿಂದ ಉದ್ಭವಿಸುವ ಹೊಣೆಯನ್ನೆಲ್ಲ ಒಳಗೊಂಡಿತ್ತು. 2004ರ ತಿದ್ದುಪಡಿಯ ನಂತರ, ಹಾನಿಗೆ ಅವನ ಕೃತ್ಯವೋ ಲೋಪವೋ ಭಾಗಶಃವಾದರೂ ಕಾರಣವಾಗಿರಬೇಕು. ಹಳೆಯ ಕರಾರಿನ ನಕಲನ್ನೇ ಮುಂದುವರಿಸಿದ ಕಡೆ, ಕರಾರು ಕೇಳುವುದು ಒಂದು, ಪಾಲಿಸಿ ಕೊಡುವುದು ಇನ್ನೊಂದು ಎಂಬಂತಾಯಿತು.

ಈ ಅಂತರವನ್ನು ಕಣ್ಣಿಗೆ ಬೀಳದಂತೆ ಮಾಡುವುದು ಒಂದು ಪುಟದ ವಿಮಾ ಪ್ರಮಾಣಪತ್ರ. ಅದನ್ನು ಕಡತಕ್ಕೆ ಸೇರಿಸಿದರೆ ಕೆಲಸ ಮುಗಿಯಿತೆಂದು ನಂಬುವವರು ಈಗಲೂ ಹಲವರು. ಆ ಪತ್ರ ಹೇಳುವುದು ಆ ದಿನ ಪಾಲಿಸಿ ಇತ್ತು, ಮಿತಿ ಇಷ್ಟು ಎಂದಷ್ಟೇ. ನಿಗದಿತ ಎತ್ತರಕ್ಕಿಂತ ಮೇಲಿನ ಕೆಲಸಕ್ಕೆ ರಕ್ಷಣೆ ಇಲ್ಲ, ಸ್ವಂತ ಆಳುಗಳ ಗಾಯ ಸೇರಿಲ್ಲ, ವೃತ್ತಿ ಎಂದು ನಮೂದಾಗಿರುವುದು ಬಣ್ಣ ಬಳಿಯುವುದೇ ಹೊರತು ಚಾವಣಿ ಹೊದಿಸುವುದಲ್ಲ ಎಂಬ ಸಂಗತಿಗಳೆಲ್ಲ ಪಾಲಿಸಿಯ ಒಳಪುಟಗಳಲ್ಲಿರುತ್ತವೆ. ಕಂತು ಕಟ್ಟದೆ ಮರುತಿಂಗಳು ಪಾಲಿಸಿ ರದ್ದಾದರೂ ಕಡತದಲ್ಲಿನ ಪತ್ರ ಬದಲಾಗುವುದಿಲ್ಲ. ದೊಡ್ಡ ಕಾಮಗಾರಿಗಳಲ್ಲಿ ಎಲ್ಲರನ್ನೂ ಒಂದೇ ಪಾಲಿಸಿಯಡಿ ತರುವ ಪದ್ಧತಿ ಈ ಜಗಳವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ, ಆದರೆ ಅದರ ಖರ್ಚು ಮತ್ತು ಆಡಳಿತ ಸಣ್ಣ ಕೆಲಸಗಳಿಗೆ ಹೊಂದುವುದಿಲ್ಲ.

ಇನ್ನು ದೋಷಯುಕ್ತ ಕೆಲಸದ ವಿಚಾರ. ಸೆಂಟ್ರಿಂಗ್ ಸರಿಯಿಲ್ಲದೆ ತೊಲೆ ಕುಸಿದು ಕೆಳಗಿನ ಯಂತ್ರ ಜಜ್ಜಿಹೋದರೆ, ಯಂತ್ರದ ನಷ್ಟ ಸಾಮಾನ್ಯವಾಗಿ ಸಿಗುತ್ತದೆ. ಕೆಟ್ಟ ಸೆಂಟ್ರಿಂಗನ್ನು ಸರಿಪಡಿಸುವ ಖರ್ಚು ಹೆಚ್ಚಿನ ಪಾಲಿಸಿಗಳಲ್ಲಿ ಸಿಗುವುದಿಲ್ಲ. ತೊಲೆ ಇವೆರಡರಲ್ಲಿ ಯಾವ ಕಡೆಗೆ ಸೇರುತ್ತದೆ ಎಂಬುದು ದೋಷದ ಕುರಿತ ಷರತ್ತಿನ ಯಾವ ಆವೃತ್ತಿಗೆ ಪ್ರೀಮಿಯಂ ಕಟ್ಟಲಾಗಿದೆ ಎಂಬುದರ ಮೇಲೆ ನಿಂತಿದೆ. ಆ ಆಯ್ಕೆಯನ್ನು ಪಾಲಿಸಿ ಕೊಳ್ಳುವ ದಿನವೇ ಮಾಡಿರಬೇಕು, ಮತ್ತು ಅಂದು ಮೇಜಿನ ಸುತ್ತ ಸೆಂಟ್ರಿಂಗ್ ಬಲ್ಲವರು ಇರುವುದು ಅಪರೂಪ.