ನೆಲದ ಮೇಲಿದ್ದರೂ ಗಾಳಿ ಬಿಡುವುದಿಲ್ಲ

ಕಾರು ಓಡಿಸಿ ರೂಢಿಯಾದವರು ಸಣ್ಣ ವಿಮಾನದಲ್ಲಿ ಕೂತರೆ ತಿರುವಿನಲ್ಲಿ ಕೈ ತಾನಾಗಿ ಯೋಕ್ (ವಿಮಾನದ ಸ್ಟಿಯರಿಂಗ್‌ನಂಥ ಹಿಡಿ) ತಿರುಗಿಸುತ್ತದೆ. ವಿಮಾನ ಮಾತ್ರ ನೇರ ಹೋಗುತ್ತಲೇ ಇರುತ್ತದೆ. ನೆಲದ ಮೇಲೆ ಓಡಿಸುವಾಗ, ಅಂದರೆ ಟ್ಯಾಕ್ಸಿ ಮಾಡುವಾಗ, ದಿಕ್ಕು ಬದಲಿಸುವುದು ಕಾಲಿನ ಕೆಲಸ. ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ ಕಾಲ ಬಳಿಯ ರಡ್ಡರ್ ಪೆಡಲ್ ಒತ್ತಿದರೆ ಮೂತಿಯ ಚಕ್ರ ಸುಮಾರು 10 ಡಿಗ್ರಿ ತಿರುಗುತ್ತದೆ. ಇನ್ನೂ ಜಾಸ್ತಿ ತಿರುಗಬೇಕಿದ್ದರೆ ಅದೇ ಪೆಡಲ್‌ನ ಮೇಲ್ತುದಿ ಒತ್ತಿ ಆ ಬದಿಯ ಚಕ್ರಕ್ಕಷ್ಟೇ ಬ್ರೇಕ್ ಹಾಕಬೇಕು.

ಹೊರಟ ಕೂಡಲೇ ಒಮ್ಮೆ ಬ್ರೇಕ್ ಒತ್ತಿ ನೋಡಿ. ವೇಗ, ಬಿರುಸಾಗಿ ನಡೆಯುವವರಷ್ಟಿದ್ದರೆ ಸಾಕು. ಜಾಸ್ತಿಯಾದರೆ ಮೊದಲು ಥ್ರಾಟಲ್ (ಎಂಜಿನ್ ಶಕ್ತಿ) ಇಳಿಸಿ, ಆಮೇಲೆ ಬ್ರೇಕ್. ಎಂಜಿನ್ ಎಳೆಯುತ್ತಿರುವಾಗಲೇ ಬ್ರೇಕ್ ಹಿಡಿದುಕೊಂಡೇ ಹೋದರೆ ಅದು ಕಾದು ಹೋಗುತ್ತದೆ.

ಹಾಗಾದರೆ ಕೈಗೆ ಕೆಲಸವೇ ಇಲ್ವಾ? ಇದೆ, ಮತ್ತು ನನಗೆ ಟ್ಯಾಕ್ಸಿಯಲ್ಲಿ ಅತಿ ಮುಖ್ಯ ಅನ್ನಿಸುವುದೇ ಅದು. ರೆಕ್ಕೆಗೆ ತಾನು ನಿಂತಿದ್ದೇನೋ ಹಾರುತ್ತಿದ್ದೇನೋ ಗೊತ್ತಾಗುವುದಿಲ್ಲ, ಗಾಳಿ ಬೀಸಿದರೆ ಎತ್ತಲು ನೋಡುತ್ತದೆ. ಎಡ ಮುಂದಿನಿಂದ ಗಾಳಿ ಬಂದರೆ ಯೋಕ್ ಎಡಕ್ಕೆ, ಅಂದರೆ ಗಾಳಿಯ ಕಡೆಗೇ. ಎಡ ಏಲರಾನ್ (ರೆಕ್ಕೆಯ ಹಿಂಬದಿಯ ಅಲುಗುವ ಪಟ್ಟಿ) ಮೇಲೆದ್ದು ಆ ರೆಕ್ಕೆಯನ್ನು ಗಾಳಿಯೇ ಕೆಳಗೆ ಒತ್ತುತ್ತದೆ. ಎಡ ಹಿಂದಿನಿಂದ ಬಂದರೆ ಪೂರ್ತಿ ಉಲ್ಟಾ: ಯೋಕ್ ಬಲಕ್ಕೆ, ಜೊತೆಗೆ ಮುಂದಕ್ಕೆ. ಆಗ ಎಡ ಏಲರಾನ್ ಮತ್ತು ಬಾಲದ ಎಲಿವೇಟರ್ (ಮೂತಿ ಏರಿಸಿ ಇಳಿಸುವ ಪಟ್ಟಿ) ಎರಡೂ ಕೆಳಗೆ ಬಾಗುತ್ತವೆ, ಹಿಂದಿನ ಗಾಳಿ ಅವುಗಳ ಮೇಲ್ಮೈಗೆ ಬಡಿದು ರೆಕ್ಕೆ, ಬಾಲ ಎರಡನ್ನೂ ನೆಲದ ಕಡೆಗೆ ತಳ್ಳುತ್ತದೆ. ರೆಕ್ಕೆ ಮೇಲಿರುವ, ಮೂತಿಯಲ್ಲಿ ಚಕ್ರವಿರುವ ವಿಮಾನಗಳಿಗೆ ಅತಿ ಅಪಾಯ ಈ ಓರೆ ಹಿಂಗಾಳಿಯೇ. ಟ್ಯಾಕ್ಸಿವೇ ತಿರುಗಿದ ಹಾಗೆಲ್ಲ ಗಾಳಿ ಬರುವ ಬದಿಯೂ ಬದಲಾಗುತ್ತದೆ, ಅದಕ್ಕೇ ಪ್ರತಿ ತಿರುವಿನಲ್ಲೂ ಈಗ ಗಾಳಿ ಎಲ್ಲಿಂದ ಅಂತ ಕೇಳಿಕೊಳ್ಳಬೇಕು.

ರನ್‌ವೇ ಹತ್ತಿರ ನಾಲ್ಕು ಹಳದಿ ಗೆರೆ ಕಾಣುತ್ತವೆ, ಎರಡು ಗಟ್ಟಿ, ಎರಡು ತುಂಡು ತುಂಡು. ಗಟ್ಟಿ ಗೆರೆ ನಿಮ್ಮ ಕಡೆಗಿದ್ದರೆ ನಿಲ್ಲಲೇಬೇಕು. ಕಂಟ್ರೋಲ್ ಟವರ್ ಇರುವಲ್ಲಿ ಅನುಮತಿ ಇಲ್ಲದೆ ದಾಟುವ ಹಾಗಿಲ್ಲ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಮಂಜಿನ ನಡುವೆ ಒಂದು ಜಂಬೋ ಜೆಟ್ ರನ್‌ವೇಯಲ್ಲಿ ಟ್ಯಾಕ್ಸಿ ಮಾಡುತ್ತಿದ್ದಾಗಲೇ ಇನ್ನೊಂದು ಟೇಕಾಫ್‌ಗೆ ಓಡಿತು. 583 ಜನ ಸತ್ತರು. ಎಲ್ಲಿದ್ದೇನೆ ಅಂತ ಸ್ವಲ್ಪ ಅನುಮಾನ ಬಂದರೂ ನಿಂತು ಕೇಳಿ, ಯಾರೂ ಬೈಯುವುದಿಲ್ಲ. ಆದರೆ ರನ್‌ವೇ ಮೇಲೆ ಮಾತ್ರ ನಿಲ್ಲಬೇಡಿ. ಇಳಿದ ಮೇಲೂ ಅಷ್ಟೇ, ಬಾಲ ಸಮೇತ ಇಡೀ ವಿಮಾನ ಆ ಗೆರೆ ದಾಟಿದ ಮೇಲೆ ನಿಲ್ಲಿಸಿ, ಆಮೇಲೆ ಫ್ಲಾಪ್ (ಇಳಿಯುವಾಗ ರೆಕ್ಕೆಯ ಹಿಂದೆ ಬಾಗಿಸಿದ ಪಟ್ಟಿ) ಕಡೆ ಕೈ ಹಾಕಿ.