ಎನ್ವಿರಾನ್‌ಮೆಂಟ್ ವೇರಿಯಬಲ್: ಬಿಲ್ಡ್ ಮಾಡುವಾಗ ಯಾರ ಮಾತು ನಡೆಯುತ್ತದೆ?

ಲಿನಕ್ಸ್‌ನಲ್ಲಿ ಒಂದು ಸಾಫ್ಟ್‌ವೇರನ್ನು ಸೋರ್ಸ್ ಕೋಡ್‌ನಿಂದ ಬಿಲ್ಡ್ ಮಾಡಲು (ಬರೆದ ಕೋಡನ್ನು ಓಡಿಸಬಲ್ಲ ಪ್ರೋಗ್ರಾಂ ಆಗಿಸಲು) ಹೊರಟರೆ 'ಸಿಸಿ', 'ಸಿಫ್ಲ್ಯಾಗ್ಸ್' ಎಂಬ ಹೆಸರುಗಳು ಎದುರಾಗುತ್ತವೆ. ಯಾವ ಸಿ ಕಂಪೈಲರ್ (ಸಿ ಭಾಷೆಯ ಕೋಡನ್ನು ಯಂತ್ರದ ಭಾಷೆಗೆ ತರುವ ಪ್ರೋಗ್ರಾಂ) ಬೇಕು ಅನ್ನೋದನ್ನು ಮೊದಲನೆಯದು ಹೇಳುತ್ತದೆ, ಅದಕ್ಕೆ ಯಾವ ಆಯ್ಕೆಗಳನ್ನು ಕೊಡಬೇಕು ಅನ್ನೋದನ್ನು ಎರಡನೆಯದು. ಇಂಥವೇ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು. ಒಂದು ಹೆಸರು, ಅದಕ್ಕೊಂದು ವ್ಯಾಲ್ಯೂ, ಅಷ್ಟೇ. 1979ರ ಯೂನಿಕ್ಸ್ 7ನೇ ಆವೃತ್ತಿಯಲ್ಲಿ ಬಂದದ್ದು ಇಂದಿಗೂ ನಡೆಯುತ್ತಿದೆ.

ಒಂದು ಪ್ರೋಗ್ರಾಂ ಇನ್ನೊಂದನ್ನು ಶುರು ಮಾಡುವಾಗ ಈ ಪಟ್ಟಿಯ ನಕಲನ್ನು ಅದಕ್ಕೆ ಕೊಡುತ್ತದೆ. ನಕಲು ಅನ್ನೋದೇ ಇಲ್ಲಿ ಮುಖ್ಯ. ಶುರುವಾದ ಪ್ರೋಗ್ರಾಂ ತನ್ನ ಪಟ್ಟಿಯಲ್ಲಿ ಏನೇ ತಿದ್ದಿದರೂ ಶುರು ಮಾಡಿದ್ದಕ್ಕೆ ಅದು ತಲುಪುವುದಿಲ್ಲ. ಹಾಗಾಗಿ ಸ್ಕ್ರಿಪ್ಟ್ ಓಡಿಸಿ 'ಪಾತ್' (ಕಮಾಂಡ್‌ಗಳನ್ನು ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕು ಅನ್ನೋ ವೇರಿಯಬಲ್) ಬದಲಿಸಿದರೆ, ಅದು ಮುಗಿದ ಮೇಲೆ ಟರ್ಮಿನಲ್‌ನಲ್ಲಿ ಹಳೆಯ ಪಾತ್ ಹಾಗೇ ಇರುತ್ತದೆ. ಇನ್ನು ಶೆಲ್‌ನಲ್ಲಿ (ಟರ್ಮಿನಲ್‌ನಲ್ಲಿ ನಾವು ಬರೆದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಎಕ್ಸ್‌ಪೋರ್ಟ್ ಮಾಡದೆ ಸುಮ್ನೆ ಒಂದು ಹೊಸ ಹೆಸರು ಬರೆದಿಟ್ಟರೆ, ಮುಂದಿನ ಪ್ರೋಗ್ರಾಂಗೆ ಅದು ಹೋಗುವುದೇ ಇಲ್ಲ.

ಜಾಸ್ತಿ ಗೊಂದಲ ಆಗೋದು ಒಂದೇ ಹೆಸರಿಗೆ ಎರಡು ಕಡೆಯಿಂದ ವ್ಯಾಲ್ಯೂ ಬಂದಾಗ. ಬಿಲ್ಡ್ ನಡೆಸುವ 'ಮೇಕ್' ಎಂಬ ಪ್ರೋಗ್ರಾಂ ಓದುವ ಮೇಕ್‌ಫೈಲ್‌ನಲ್ಲಿ 'ಸಿಫ್ಲ್ಯಾಗ್ಸ್ = -ಓ2' (ಪ್ರೋಗ್ರಾಂ ವೇಗವಾಗಿ ಓಡುವಂತೆ ಮಾಡುವ ಆಯ್ಕೆ) ಎಂದಿದೆ ಅಂದುಕೊಳ್ಳಿ. ಡೀಬಗ್ ಮಾಡಲು (ತಪ್ಪು ಹುಡುಕಲು) ನೀವು ಸಿಫ್ಲ್ಯಾಗ್ಸ್‌ಗೆ '-ಜಿ' ಕೊಟ್ಟು ಎಕ್ಸ್‌ಪೋರ್ಟ್ ಮಾಡಿ, ಆಮೇಲೆ ಮೇಕ್ ಓಡಿಸುತ್ತೀರಿ. ಏನೂ ಬದಲಾಗುವುದಿಲ್ಲ! ಮೇಕ್ ಲೆಕ್ಕದಲ್ಲಿ ಎನ್ವಿರಾನ್‌ಮೆಂಟ್‌ಗಿಂತ ಮೇಕ್‌ಫೈಲ್ ದೊಡ್ಡದು, ಮೇಕ್‌ಫೈಲ್‌ಗಿಂತ ಕಮಾಂಡ್ ಲೈನ್ ದೊಡ್ಡದು. ಮೇಕ್ ಎಂಬ ಪದದ ನಂತರ 'ಸಿಫ್ಲ್ಯಾಗ್ಸ್=-ಜಿ' ಎಂದು ಬರೆದು ನೋಡಿ, ನಿಮ್ಮ ಮಾತು ನಡೆಯುತ್ತದೆ. ಆದರೆ ಆಗ '-ಓ2' ಪೂರ್ತಿ ಹೋಗಿಬಿಡುತ್ತದೆ, ಅದೂ ಬೇಕಿದ್ದರೆ ಜೊತೆಗೇ ಬರೆಯಬೇಕು. ಮೇಕ್‌ಫೈಲ್ ಬರೆಯುವವರು 'ಸಿಫ್ಲ್ಯಾಗ್ಸ್'ನ ಮುಂದೆ '=' ಬದಲು '?=' ಹಾಕಿದರೆ, ಮೊದಲೇ ವ್ಯಾಲ್ಯೂ ಇದ್ದಾಗ ಮೇಕ್ ಅದನ್ನು ಮುಟ್ಟುವುದಿಲ್ಲ. ಬಳಸುವವರಿಗೆ ಕೊಡಬಹುದಾದ ದೊಡ್ಡ ಉಪಕಾರ ಇದು.

ಬಿಲ್ಡ್‌ಗೆ ಮೊದಲು ಕಂಪ್ಯೂಟರನ್ನು ಪರೀಕ್ಷಿಸಿ ಮೇಕ್‌ಫೈಲ್ ತಯಾರಿಸುವ, ಆಟೋಕಾನ್ಫ್ ಎಂಬ ಉಪಕರಣದ 'ಕಾನ್ಫಿಗರ್' ಸ್ಕ್ರಿಪ್ಟ್‌ಗೂ ವೇರಿಯಬಲ್‌ಗಳನ್ನು ಕಮಾಂಡಿನ ನಂತರ ಬರೆಯುವುದೇ ಒಳ್ಳೆಯದು. ಕೆಲವು ಪ್ಯಾಕೇಜ್‌ಗಳು ಬಿಲ್ಡ್ ನಡುವೆ ಕಾನ್ಫಿಗರನ್ನು ಮತ್ತೆ ಓಡಿಸುತ್ತವೆ. ಎನ್ವಿರಾನ್‌ಮೆಂಟ್‌ನಲ್ಲಿ ಮಾತ್ರ ಇಟ್ಟ ವ್ಯಾಲ್ಯೂ ಆಗ ಕಳೆದುಹೋಗಬಹುದು.

ಬಿಲ್ಡ್‌ಗೆ ಬೇಕಾದ ಫೈಲ್‌ಗಳನ್ನು ತಯಾರಿಸುವ ಇನ್ನೊಂದು ಉಪಕರಣವಾದ ಸಿಮೇಕ್‌ನ ರೀತಿಯೇ ಬೇರೆ. ಅದು ಮೊದಲ ಸಲ ಕಾನ್ಫಿಗರ್ ಮಾಡುವಾಗ ಮಾತ್ರ ಸಿಸಿ, ಸಿಫ್ಲ್ಯಾಗ್ಸ್ ಓದಿ ಕ್ಯಾಶ್‌ನಲ್ಲಿ (ಬಿಲ್ಡ್ ಫೋಲ್ಡರ್‌ನ ಒಂದು ಫೈಲ್) ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ನೀವು ಸಿಸಿಯನ್ನು ಕ್ಲ್ಯಾಂಗ್ ಎಂಬ ಬೇರೆ ಕಂಪೈಲರ್‌ಗೆ ಬದಲಿಸಿದರೂ ಹಳೆಯ ಕಂಪೈಲರೇ ಕೆಲಸ ಮಾಡುತ್ತದೆ. ಕಂಪೈಲರ್ ಬದಲಾಗಬೇಕಿದ್ದರೆ ಬೇರೊಂದು ಖಾಲಿ ಬಿಲ್ಡ್ ಫೋಲ್ಡರ್‌ನಲ್ಲಿ ಶುರು ಮಾಡಿ.